ಹಳೆಯ ಬೆಳ್ಳಿ ರೂಪಾಯಿಯ ಪರೀಕ್ಷೆ: ಒರೆಗಲ್ಲಿಗಿಂತ ನನಗೆ ಒಂದು ಲೋಟ ನೀರೇ ಮೇಲು

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ರಸ್ತೆಬದಿಯ ವ್ಯಾಪಾರಿಯೊಬ್ಬರಿಂದ ಮೂರು ಬೆಳ್ಳಿ ರೂಪಾಯಿ ಕೊಂಡೆ. ಎರಡು ಐದನೇ ಜಾರ್ಜ್ ದೊರೆಯವು, ಒಂದು ವಿಕ್ಟೋರಿಯಾ ರಾಣಿಯದು. ಜಾರ್ಜ್ ದೊರೆಯ ಎರಡೂ ಬೆಳ್ಳಿಯೇ ಅಲ್ಲ ಎಂದು ಗೊತ್ತಾದದ್ದು ಪೂಜೆ ಮುಗಿದ ಮೇಲೆ. ಹೋದ ದುಡ್ಡಿಗಿಂತ, ಕಲಶದ ಮುಂದೆ ಸುಳ್ಳು ನಾಣ್ಯ ಇಟ್ಟೆನಲ್ಲ ಎಂಬುದೇ ಹೆಚ್ಚು ಕೊರೆಯಿತು. ಅಂದಿನಿಂದ ಬಲ್ಲವರು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ ನೋಡಿದ್ದೇನೆ. ಈಗ ನಾನು ನಂಬುವುದು ಆರುನೂರು ರೂಪಾಯಿಯ ಪುಟ್ಟ ತಕ್ಕಡಿಯನ್ನು ಮತ್ತು ಒಂದು ಲೋಟ ನೀರನ್ನು.

ಅಯಸ್ಕಾಂತ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಅಂಟಿದರೆ ಬೆಳ್ಳಿಯಲ್ಲ, ಸರಿ. ಆದರೆ ತಾಮ್ರ, ಹಿತ್ತಾಳೆ, ಸೀಸ ಕೂಡ ಅಂಟುವುದಿಲ್ಲ. ನನ್ನ ಎರಡು ಖೋಟಾ ನಾಣ್ಯಗಳೂ ಅಂಟಲಿಲ್ಲ. ನಾಣ್ಯದ ಮೇಲೆ ಮಂಜುಗಡ್ಡೆ ಇಟ್ಟು ಎಷ್ಟು ಬೇಗ ಕರಗುತ್ತದೆ ಎಂದು ನೋಡುವುದೂ ಇಷ್ಟೇ. ತಾಮ್ರದ ಮೇಲೂ ಅದು ಬೇಗನೆ ಕರಗುತ್ತದೆ.

ಕಲ್ಲಿನ ಮೇಲೆ ಚಿಮ್ಮಿ ನಾದ ಕೇಳುವುದು ನಮ್ಮ ಅಜ್ಜಿಗೆ ಒಲಿದಿದ್ದ ವಿದ್ಯೆ. ನನ್ನ ಕಿವಿಗೆ ಆ ಪಳಗಿಕೆ ಇಲ್ಲ. ಸರಕ್ಕೆಂದು ಕೊಂಡಿ ಬೆಸೆದ ನಾಣ್ಯವಾದರೆ ಅಸಲಿಯಾಗಿದ್ದರೂ ಮಂಕಾಗಿ ಸದ್ದು ಮಾಡುತ್ತದೆ.

ಒರೆಗಲ್ಲಿನ ಬಗ್ಗೆ ನನಗೆ ಗೌರವವಿದೆ, ಆದರೂ ಹಳೆಯ ನಾಣ್ಯಕ್ಕೆ ಅದು ಬೇಡ. "ಮೇಲೆ ಮುಲಾಮು ಇದ್ದರೆ ಅರ ಹಾಕದೆ ಹೇಳುವುದಕ್ಕೆ ಆಗುವುದಿಲ್ಲಮ್ಮ" ಎಂದರು ನಮ್ಮ ಬೀದಿಯ ಅಕ್ಕಸಾಲಿಗರು. ಮುಲಾಮು ಎಂದರೆ ಬೇರೆ ಲೋಹದ ಮೇಲೆ ಕೊಟ್ಟ ಬೆಳ್ಳಿಯ ಲೇಪ. ನೂರು ವರ್ಷ ಉಳಿದುಬಂದ ನಾಣ್ಯದ ಅಂಚಿಗೆ ಅರ ಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಅಂಗಡಿಗಳಲ್ಲಿರುವ ಎಕ್ಸ್‌ರೇ ಯಂತ್ರ ಗಾಯ ಮಾಡುವುದಿಲ್ಲ, ಶೇಕಡಾವಾರು ಲೆಕ್ಕವನ್ನೇ ಕೊಡುತ್ತದೆ. ಆದರೆ ಅದು ಓದುವುದು ಮೇಲ್ಪದರವನ್ನು. ಮುಲಾಮು ದಪ್ಪಗಿದ್ದರೆ ಒಳಗಿನದು ಅದಕ್ಕೆ ಕಾಣುವುದಿಲ್ಲ. ಪ್ರತಿ ಸಲ ಅಂಗಡಿಗೆ ಹೋಗಬೇಕು, ದುಡ್ಡು ಕೊಡಬೇಕು.

ಇನ್ನು ತಕ್ಕಡಿ. ವಿಕ್ಟೋರಿಯಾ ಕಾಲದಿಂದ 1930ರ ದಶಕದವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬೆಳ್ಳಿ ಶೇ 91.7. ಬರೀ ತೂಕ ನೋಡಿದ್ದರೆ ನಾನು ಮತ್ತೆ ಮೋಸಹೋಗುತ್ತಿದ್ದೆ. ಖೋಟಾ ನಾಣ್ಯ 11.60 ತೂಗುತ್ತಿತ್ತು, ಬೆಳ್ಳಿಯಷ್ಟು ಭಾರವಿಲ್ಲದ ಲೋಹವನ್ನು ಒಂದಿಷ್ಟು ದಪ್ಪ ಮಾಡಿ ತೂಕ ಸರಿತೂಗಿಸಿದ್ದರು. ಆ ಉಪಾಯ ನಡೆಯದಿರುವುದು ನೀರಿನಲ್ಲಿ. ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಬೇಕು. ಆಗ ಬರುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅದರಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಈ ಬೆಳ್ಳಿಗೆ ಅದು 10.3ರ ಆಸುಪಾಸು. ಸವೆದ ನಾಣ್ಯದ ತೂಕ ಕಡಿಮೆಯಾಗುತ್ತದೆ, ಸಾಂದ್ರತೆ ಕಡಿಮೆಯಾಗುವುದಿಲ್ಲ. ನನ್ನ ಪಾಲಿಗೆ ಇದರ ದೊಡ್ಡ ಗುಣವೇ ಅದು.

ಆದರೆ ಮೊದಲ ದಿನ ಇದೇ ಪರೀಕ್ಷೆ ನನ್ನ ನಿದ್ದೆ ಕೆಡಿಸಿತು. ಹೋಲಿಸಿ ನೋಡಲು ಅಜ್ಜಿ ಕೊಟ್ಟ 1918ರ ರೂಪಾಯಿ ತೆಗೆದುಕೊಂಡೆ. ತೂಕ 11.58. ನೀರಿನಲ್ಲಿ 1.17 ಬಂತು. ಭಾಗಿಸಿದರೆ 9.9! ಅಜ್ಜಿಯ ನಾಣ್ಯವೂ ಸುಳ್ಳೇ? ಮತ್ತೆ ಮುಳುಗಿಸಿದೆ, 1.15. ಮತ್ತೊಮ್ಮೆ, 1.18. ಒಂದೇ ನಾಣ್ಯ, ಮೂರು ಉತ್ತರ.

ಭೂತಗನ್ನಡಿ ಹಿಡಿದು ನೋಡಿದಾಗ ಕಾರಣ ಕಂಡಿತು. ಎಷ್ಟೋ ವರ್ಷಗಳ ಪೂಜೆಯ ಎಣ್ಣೆ, ಕುಂಕುಮ ಅಕ್ಷರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಜಿಡ್ಡಿಗೂ ಅಂಚಿನ ಗೆರೆಗಳಿಗೂ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಸಾಲಾಗಿ ಅಂಟಿಕೊಂಡಿದ್ದವು. ಹೂ ಕಟ್ಟುವ ದಪ್ಪ ದಾರವೂ ನೀರಿನೊಳಗೆ ಜಾಗ ತಿನ್ನುತ್ತಿತ್ತು. ಲೆಕ್ಕವೆಲ್ಲ ನಿಂತಿರುವುದು ಗ್ರಾಮಿನ ನೂರನೇ ಒಂದು ಭಾಗದ ಮೇಲೆ. ನಾಲ್ಕು ಗುಳ್ಳೆ ಸಾಕು ಅದನ್ನು ಕೆಡಿಸಲು. ನಾಣ್ಯವನ್ನು ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿದೆ, ಉಜ್ಜಲಿಲ್ಲ. ಲೋಟಕ್ಕೂ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದೆ. ಒಂದೆಳೆ ನೈಲಾನ್ ದಾರ ಕಟ್ಟಿ, ಕೈಯಲ್ಲಿ ಹಿಡಿಯದೆ, ಎರಡೂ ಕಡೆ ಪುಸ್ತಕಗಳನ್ನು ಪೇರಿಸಿ ಅಡ್ಡ ಇಟ್ಟ ಸೌಟಿನಿಂದ ತೂಗುಬಿಟ್ಟೆ. ಫ್ಯಾನ್ ಆರಿಸಿದೆ. 1.12 ಬಂದು ನಿಂತಿತು. ಸಾಂದ್ರತೆ 10.3. ಕಣ್ಣು ತುಂಬಿ ಬಂತು.

ಖೋಟಾ ನಾಣ್ಯ 1.35 ತೋರಿಸಿತು, ಅಂದರೆ 8.6. ಬೆಳ್ಳಿಯ ಹತ್ತಿರಕ್ಕೂ ಬರುವುದಿಲ್ಲ. ಆರನೇ ಜಾರ್ಜ್ ಕಾಲದ 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ, ಅದಕ್ಕೆ 9.5 ಬಂದರೆ ಗಾಬರಿ ಬೇಡ.

ನೀರು ಲೋಹವನ್ನು ಹೇಳುತ್ತದೆ, ಟಂಕಸಾಲೆಯನ್ನಲ್ಲ. ಬೆಳ್ಳಿಯಲ್ಲೇ ಅಚ್ಚು ಹಾಕಿದ ನಕಲುಗಳೂ ಇವೆ. ರಾಮ, ಸೀತೆ, ಹನುಮಂತರ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯವೆಂದು ಮಾರುತ್ತಾರಲ್ಲ, ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ. ಅದನ್ನು ತೂಗುವುದೂ ಬೇಡ. ಅಪರೂಪದ ವರ್ಷದ್ದೆಂದು ಸಾವಿರಾರು ರೂಪಾಯಿ ಹೇಳಿದರೆ ಅನುಭವಿ ಸಂಗ್ರಾಹಕರಿಗೆ ತೋರಿಸಿಯೇ ಕೊಳ್ಳಿ. ನಾನು ಕೊಳ್ಳುವುದು ವರ್ಷಕ್ಕೆ ಎರಡೋ ಮೂರೋ ಸಾಧಾರಣ ರೂಪಾಯಿ, ಅದೂ ಪೂಜೆಗೆ. ಅಷ್ಟಕ್ಕೆ ಈ ತಕ್ಕಡಿ ಧಾರಾಳವಾಗಿ ಸಾಕು.

ವಿಕ್ಟೋರಿಯಾ ರಾಣಿಯ ನಾಣ್ಯ 10.3 ತೋರಿಸಿ ಅಜ್ಜಿಯ ರೂಪಾಯಿಯ ಜೊತೆ ದೇವರ ಪೆಟ್ಟಿಗೆ ಸೇರಿದೆ. ಖೋಟಾ ಎರಡನ್ನೂ ಎಸೆದಿಲ್ಲ, ತಕ್ಕಡಿಯ ಡಬ್ಬಿಯಲ್ಲೇ ಇಟ್ಟಿದ್ದೇನೆ. ಪರೀಕ್ಷೆ ಮಾಡಿಕೊಡಿ ಎಂದು ಯಾರಾದರೂ ನಾಣ್ಯ ತಂದರೆ ಮೊದಲು ಅವುಗಳಲ್ಲಿ ಒಂದನ್ನು ನೀರಿಗೆ ಇಳಿಸಿ 8.6 ತೋರಿಸುತ್ತೇನೆ, ಆಮೇಲೆ ಅವರದನ್ನು.