ನವನಗರದ ಸೇವಾ ಬಳಗದ ಮೇಳ: ಊಟ ಛಲೋ, ಲೆಕ್ಕ ಇನ್ನೂ ಛಲೋ

ಬಾಗಲಕೋಟಿ ನವನಗರದಾಗ ಚಳಿಗಾಲಕ್ಕ ಖಾದ್ಯ ಮೇಳ, ಹೋಳಿ ಮುಂದ ಹಲಗಿ ಬಾರಿಸೋ ಸ್ಪರ್ಧೆ, ಸಾಲಿ ಸುರು ಆಗೂ ಮೊದಲ ಹಳೇ ಪುಸ್ತಕದ ಮಾರಾಟ, ಹಿಂಗ ವರ್ಷಪೂರ್ತಿ ಏನರ ಒಂದು ಮಾಡಿ ಬಂದ ರೊಕ್ಕ ಊರಾಗಿನ ಅನಾಥ ಮಕ್ಕಳಿಗೆ, ಕಿವಿ ಕೇಳದ ಮಕ್ಕಳ ಸಾಲಿಗೆ, ಡಯಾಲಿಸಿಸ್ ಪೇಷಂಟ್‌ಗೋಳಿಗೆ ಮುಟ್ಟಸೋ ಒಂದು ಬಳಗ ಐತಿ. ಪಗಾರ ತಗೊಳ್ಳೋರು ಒಬ್ಬರೂ ಇಲ್ಲ. ಬ್ಯಾಂಕಿನವ್ರು, ರಿಟೈರ್ ಆದ ಮಾಸ್ತರು, ಮೆಡಿಕಲ್ ಶಾಪಿನವ್ರು, ಮನಿ ನೋಡ್ಕೊಂಡು ಇರೋ ಅಕ್ಕಾರು, ಕಾಲೇಜ್ ಹುಡುಗೂರು. ಈ ಸಲದ ಖಾದ್ಯ ಮೇಳಕ್ಕ ಮನಿಮಂದಿ ಎಲ್ಲಾ ಹೋಗಿದ್ವಿ, ಹೋಗಬೇಕೋ ಬ್ಯಾಡೋ ಅಂತ ಕೇಳೋರಿಗೆ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲ ಹೇಳೂದು ಊಟದ್ದಲ್ಲ, ಗೇಟಿನ ಬಾಜೂಕ ನಿಲ್ಲಿಸಿದ ಬೋರ್ಡಿಂದು. ಸಾಲ್ಯಾಗ ಇರ್ತದಲ್ಲ ಅಂಥಾ ಕರೀ ಹಲಗಿ, ಎಡಕ್ಕ "ಬಂದಿದ್ದು", ಬಲಕ್ಕ "ಹೋಗಿದ್ದು", ಸುಣ್ಣದ ಕಡ್ಡೀಲೆ ಕೈಯಾಗ ಬರದಿದ್ದು. ಹ್ವಾದ ವರ್ಷದ ಮೇಳದ ಪೂರಾ ಲೆಕ್ಕ ಅಲ್ಲಿ ಐತಿ: ಶಾಮಿಯಾನ, ಖುರ್ಚಿ, ಮೈಕ್ ಸೆಟ್, ನೀರಿನ ಟ್ಯಾಂಕರ್, ಜನರೇಟರ್ ಡೀಸೆಲ್, ಕಸ ಎತ್ತಿದವ್ರ ಕೂಲಿ, ಒಂದೊಂದೂ ಬ್ಯಾರೆ ಬ್ಯಾರೆ. ಕೆಳಗ ಒಂದು ಹಗ್ಗಾ ಕಟ್ಟಿ ಬಿಲ್ಲಿನ ಝೆರಾಕ್ಸ್ ಎಲ್ಲಾ ಕ್ಲಿಪ್ ಹಾಕಿ ತೂಗು ಬಿಟ್ಟಾರ. ನಾ ನಿಂತಾಗ ಒಬ್ರು ಕಾಕಾ ಕನ್ನಡಕ ಹಾಕ್ಕೊಂಡು ಡೀಸೆಲ್ ಬಿಲ್ ಹಿಡದು "ಇಷ್ಟ್ಯಾಕ ಬಂತವ್ವಾ ಇದು" ಅಂದ್ರು. ಅಲ್ಲೇ ಕುಂತಿದ್ದ ಕಾಲೇಜ್ ಹುಡುಗಿ ಬ್ಯಾಸರ ಮಾಡ್ಕೊಳ್ಳಲಿಲ್ಲ, ಎದ್ದು ಬಂದು "ಕಾಕಾ, ಎರಡನೇ ದಿನ ಸಂಜಿಗೆ ಕರೆಂಟ್ ಹೋತ್ರಿ, ರಾತ್ರಿ ತನಕಾ ಜನರೇಟರ್ ಮ್ಯಾಲ ನಡೀತು" ಅಂತ ತಾರೀಖ್ ಸಮೇತ ತೋರಿಸಿದ್ಲು. ಊರಾಗ ದೇಣಿಗಿ ಎತ್ತೋರು ಭಾಳ ಮಂದಿ ಅದಾರ, ಪಾವತಿ ಪುಸ್ತಕ ಹಿಡ್ಕೊಂಡು ಮನಿ ಮುಂದ ಬರ್ತಾರ, ಆಮ್ಯಾಲ ಆ ರೊಕ್ಕ ಏನಾತು ಅಂತ ಕೇಳಿದ್ರ ಸಿಟ್ಟು ಮಾಡ್ತಾರ. ಇಲ್ಲಿ ಕೇಳಿದವ್ರಿಗೆ ಕುರ್ಚಿ ಹಾಕಿ ಕೂಡಿಸಿ ಹೇಳ್ತಾರ, ಅದಕ್ಕ ನನಗ ಈ ಮಂದಿ ಮ್ಯಾಲ ಭಾಳ ಗೌರವ.

ಕೌಂಟರ್‌ನ್ಯಾಗ ಇನ್ನೊಂದು ನೋಡಿದೆ. ಒಬ್ರು ಅಂಗಡಿ ಸಾಹುಕಾರ್ರು ಒಮ್ಮೆಲೆ ಒಂದು ಗಡ್ಡಿ ಕೂಪನ್ ತಗೊಂಡು ಇದಕ್ಕ 80ಜಿ ರಸೀದಿ, ಅಂದ್ರ ಆದಾಯ ತೆರಿಗಿ ವಿನಾಯಿತಿಗೆ ತೋರಿಸೋ ರಸೀದಿ, ಕೊಡ್ರಿ ಅಂದ್ರು. ಕೌಂಟರ್‌ನ್ಯಾಗಿನ ಬಾಯಾರು "ಅಣ್ಣಾರ, ಕೂಪನ್ ಕೊಟ್ಟು ಊಟಾ ಮಾಡಿದ್ದು ದೇಣಿಗಿ ಆಗೂದಿಲ್ರಿ, ಬ್ಯಾರೆ ಕೊಡ್ತಿದ್ರ ರಸೀದಿ ಕೊಡ್ತೀವಿ, ಎರಡು ಸಾವಿರದ ಮ್ಯಾಲಿದ್ರ ನಗದು ಬ್ಯಾಡ್ರಿ, ಚೆಕ್ ಇಲ್ಲಾ ಯುಪಿಐ ಮಾಡ್ರಿ" ಅಂತ ಸಮಾಧಾನದಿಂದ ತಿಳಿಸಿ ಹೇಳಿದ್ರು. ಕಾಯ್ದೆನೂ ಅದ ಐತಿ, 2000 ರೂಪಾಯಿ ದಾಟಿದ ನಗದು ದೇಣಿಗಿಗೆ ಆ ತೆರಿಗಿ ವಿನಾಯಿತಿ ಸಿಗೂದಿಲ್ಲ. ಗಿರಾಕಿ ಹೋದಾನು ಅಂತ ಸುಳ್ಳು ರಸೀದಿ ಹರದು ಕೊಡಲಿಲ್ಲ ನೋಡ್ರಿ. ಲಕ್ಕಿ ಡ್ರಾನೂ ಇಟ್ಟಿಲ್ಲ. ರಾಜ್ಯದಾಗ ಲಾಟರಿ ಬಂದ್ ಆಗಿದ್ದು 2007ರಾಗ, ಆದ್ರೂ ಜಾತ್ರಿ, ಮೇಳ ಅಂದ್ರ ಬೈಕ್ ನಿಲ್ಲಿಸಿ ಟಿಕೆಟ್ ಮಾರೋರು ಅದಾರ, ಇವರು ಅದರ ಸನೇಕ ಹೋಗಿಲ್ಲ.

ರೊಕ್ಕ ಎಲ್ಲಿ ಹೋಗ್ತೈತಿ ಅನ್ನೋದ್ರಾಗ ನನಗ ಭಾಳ ಹಿಡಿಸಿದ್ದು ಡಯಾಲಿಸಿಸ್ ಪೇಷಂಟ್‌ಗೋಳ ಕೆಲಸ. ಸರಕಾರಿ ದವಾಖಾನ್ಯಾಗ ಡಯಾಲಿಸಿಸ್ ಬಡವ್ರಿಗೆ ಫ್ರೀ ಐತಿ, ಆದ್ರ ವಾರಕ್ಕ ಎರಡು ಇಲ್ಲಾ ಮೂರು ಸಲ ಬರಬೇಕು, ಒಂದೊಂದು ಸಲ ನಾಕು ತಾಸು ಮಷೀನಿಗೆ ಹಚ್ತಾರ, ಜೋಡಿ ಒಬ್ರು ಬೇಕ ಬೇಕು, ಅವ್ರ ಆ ದಿನದ ಕೂಲಿನೂ ಹೋತು. ಹೆಣ್ಣಮಕ್ಕಳಿಗೆ 2023ರ ಜೂನ್‌ದಿಂದ ಶಕ್ತಿ ಯೋಜನ್ಯಾಗ ಬಸ್ ಫ್ರೀ ಆತು, ಗಂಡಸೂರಿಗೆ ಚಾರ್ಜ್ ಬೀಳೂದ. ಈ ಬಳಗ ಹಳ್ಳಿಂದ ಬರೋ ಗಂಡಸು ಪೇಷಂಟಿಗೆ ಬಸ್ ಪಾಸಿನ ರೊಕ್ಕ, ಜೋಡಿ ಬಂದವ್ರಿಗೆ ಮಧ್ಯಾಹ್ನದ ಊಟ, ದವಾಖಾನ್ಯಾಗ ಸಿಗದ ಗುಳಿಗಿ ಇದ್ರ ಮೆಡಿಕಲ್ ಶಾಪಿಗೆ ನೇರ ಬಿಲ್ ಕಟ್ತಾರ. ದೊಡ್ಡ ಮಷೀನ್ ಕೊಡಿಸಿ ಅದರ ಮ್ಯಾಲ ಹೆಸರು ಬರಿಸ್ಕೊಳ್ಳೋದು ಯಾರಿಗಾದ್ರೂ ಹೊಳೀತದ, ಬಸ್ಸಿನ ಚಾರ್ಜಿಗೆ ರೊಕ್ಕ ಇಲ್ಲದ್ದಕ್ಕ ಪೇಷಂಟ್‌ಗೋಳು ಡಯಾಲಿಸಿಸ್ ತಪ್ಪಸ್ತಾರ ಅನ್ನೋದು ಆ ವಾರ್ಡಿನ್ಯಾಗ ಹೋಗಿ ಕುಂತು ಮಾತಾಡಿದವ್ರಿಗೇ ಗೊತ್ತಾಗೂದು. ಮತ್ತ ಕೊಡೂವಾಗ ಫೋಟೋ ತಗೊಳ್ಳೂದಿಲ್ಲ. ಬ್ಯಾನರ್‌ನ್ಯಾಗ ಒಬ್ಬ ಪೇಷಂಟಿನ ಮಾರಿನೂ ಇಲ್ಲ, ಒಂದು ಮಗೂನೂ ಇಲ್ಲ.

ಇನ್ನ ಊಟಕ್ಕ ಬರೂಣು. ಪ್ರವೇಶ 20 ರೂಪಾಯಿ, ಸಣ್ಣ ಮಕ್ಕಳಿಗೆ ಇಲ್ಲ, ಒಳಗ 50ರ ಕೂಪನ್. ಹೋಟೆಲಿನವ್ರ ಸ್ಟಾಲಿಗೆ ಬಾಡಿಗಿ ಹಚ್ಯಾರ, ಸ್ವಸಹಾಯ ಸಂಘದ ಹೆಣ್ಣಮಕ್ಕಳಿಗೆ ಬಾಡಿಗಿ ಇಲ್ಲ, ಭಾಳ ಸರಿಯಾದ ಕೆಲಸ. ಮಂದಿ ಸಾಲು ಹಚ್ಚಿದ್ದೂ ಅವ್ರ ಮುಂದನ. ರೊಟ್ಟಿ ಬಡಿಯೂ ಸಪ್ಪಳ ಗೇಟಿನ ತನಕಾ ಕೇಳ್ತಿತ್ತು, ಹಂಚಿನ ಮ್ಯಾಲಿಂದ ಉಬ್ಬಿದ ಬಿಸಿ ಜ್ವಾಳದ ರೊಟ್ಟಿ ಸೀದಾ ತಾಟಿಗೆ, ಎಣ್ಣಿಗಾಯಿ, ಝುಣಕ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ರೊಟ್ಟಿ ಬಡಿಯೋ ಅಕ್ಕಾರು ತಲಿ ಎತ್ತಲಾರದ "ಇನ್ನೊಂದು ಹಾಕಲೇನಪಾ" ಅಂತ ಕೇಳ್ತಿದ್ರು, ಅದಕ್ಕ ಹೊಸಾ ಕೂಪನ್ ಕೇಳಲಿಲ್ಲ. ಮಿರ್ಚಿ ಗಿರಮಿಟ್ಟು ಪರವಾಗಿಲ್ಲ. ಗೋಬಿ ಸ್ಟಾಲ್ ಬಿಡ್ರಿ. ಅಮೀನಗಡ ಕರದಂಟು, ಗುಳೇದಗುಡ್ಡ ಖಣದ ಅಂಗಡಿನೂ ಇದ್ವು, ನಮ್ಮ ಮನಿಯವ್ರು ಎರಡು ಖಣ ತಗೊಂಡ್ರು, ನೇಕಾರ್ರ ಕುಂತು ಮಾರ್ತಿದ್ರು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿ ಹೋದ ಮ್ಯಾಲ ಮಂದಿ ನವನಗರದ ಸೆಕ್ಟರ್‌ಗೋಳಿಗೆ ಹಂಚಿ ಹೋದ್ರು, ಗ್ವಾಡಿಗೆ ಗ್ವಾಡಿ ಹಚ್ಚಿದ್ದ ಮನಿಯವ್ರು ಈಗ ಮದುವಿ ಮುಂಜಿವಿಗಷ್ಟ ಭೇಟಿ. ಮೇಳದಾಗ ನಮ್ಮವ್ವ ತನ್ನ ಹಳೇ ಓಣಿ ಗೆಳತ್ಯಾರನ್ನ ಕಂಡು ಕುಂತ ಮ್ಯಾಲ ಏಳಲಿಲ್ಲ, ಆಕಿನ್ನ ಎಬ್ಬಿಸ್ಕೊಂಡು ಬರೂದ್ರಾಗ ಅರ್ಧ ಸ್ಟಾಲ್ ಮುಚ್ಚಿದ್ವು. ಹೋಳಿ ಮುಂದಿನ ಹಲಗಿ ಸ್ಪರ್ಧೆಗೆ ಹಳೇ ಬಾಗಲಕೋಟಿ ಹುಡುಗೂರು ಬಂದು ಬಾರಸ್ತಾರ, ಅವತ್ತಂತೂ ಕಾಲಿಡಾಕ ಜಾಗಾ ಇರೂದಿಲ್ಲ.

ಸರಿ ಇಲ್ಲದ್ದೂ ಹೇಳಬೇಕಲ್ಲ. ಕೂಪನ್ ಉಳದ್ರ ರೊಕ್ಕ ವಾಪಸ್ ಇಲ್ಲ, ನಮ್ಮವು ಎರಡು ಉಳದ್ವು, "ದೇಣಿಗಿ ಅಂತ ತಿಳ್ಕೋರಿ" ಅಂದ್ರು. ಇದು ತಪ್ಪು, ದೇಣಿಗಿ ಕೊಡೂದು ಬಿಡೂದು ನಾವು ನಿರ್ಧಾರ ಮಾಡಬೇಕು, ಅಷ್ಟು ಚೊಕ್ಕ ಲೆಕ್ಕ ಇಡೋ ಬಳಗ ಇದನ್ನೂ ಸರಿ ಮಾಡಬೇಕು. ಹೆಣ್ಣಮಕ್ಕಳಿಗೆ ಟಾಯ್ಲೆಟ್ ಸಾಲೂದಿಲ್ಲ, ಮುಂದಿನ ಸಲ ಮೊಬೈಲ್ ಟಾಯ್ಲೆಟ್ ಹೆಚ್ಚು ತರಿಸ್ರಿ. ಸ್ಟೇಜಿನ ಮ್ಯಾಲ ಶಾಲು, ಹಾರ, ಸನ್ಮಾನ ಎಷ್ಟೊತ್ತು ನಡೀತು ಅಂದ್ರ ಡಾನ್ಸಿಗೆ ಡ್ರೆಸ್ ಹಾಕ್ಕೊಂಡು ನಿಂತಿದ್ದ ಕಿವಿ ಕೇಳದ ಮಕ್ಕಳು ಥಂಡ್ಯಾಗ ನಡಗಾಕ ಹತ್ತಿದ್ರು, ರಾತ್ರಿ ಹತ್ತಕ್ಕ ಮೈಕ್ ಬಂದ್ ಮಾಡಬೇಕಲ್ಲ, ಅದಕ್ಕ ಅವ್ರ ಎರಡು ಡಾನ್ಸ್ ಒಂದಕ್ಕ ಇಳದ್ವು. ಯಾರ ಸಲುವಾಗಿ ಮೇಳ ಐತೋ ಅವ್ರ ಪಾಳೆ ಮೊದಲ ಬರಬೇಕು, ಸಾಹೇಬ್ರು ಕುಂತು ನೋಡಲಿ. ಇನ್ನೊಂದು, ಸಹಾಯಕ್ಕ ಅರ್ಜಿ ಹಾಕಿದ್ರ ಮನಿಗೆ ಬಂದು ವಿಚಾರಸ್ತಾರ, ಒಳ್ಳೇದ, ಆದ್ರ ತಡಾ ಆಗ್ತೈತಿ. ನಮ್ಮ ಬಾಜೂ ಮನಿ ಹುಡುಗನ ಪುಸ್ತಕ ಬಂದಾಗ ಸಾಲಿ ಸುರು ಆಗಿ ಭಾಳ ದಿನ ಆಗಿತ್ತು. ಅರ್ಜೆಂಟ್ ಅರ್ಜಿಗೆ ಒಂದು ಬ್ಯಾರೆ ದಾರಿ ಬೇಕು.

ಐದಕ್ಕ ನಾಕು ಸ್ಟಾರ್ ಕೊಡ್ತೀನಿ, ಕೂಪನ್ ಮತ್ತ ಟಾಯ್ಲೆಟ್ ಸರಿ ಮಾಡಿದ್ರ ಐದೂ ಕೊಡ್ತೀನಿ. ಹೋಗೋರು ಸಂಜಿ ಆರರೊಳಗ ಹೋಗ್ರಿ, ಏಳರ ಮ್ಯಾಲ ರೊಟ್ಟಿ ಸಾಲು ಉದ್ದ ಆಗ್ತೈತಿ, ಕೂಪನ್ ಸ್ವಲ್ಪ ಸ್ವಲ್ಪ ತಗೋರಿ. ಹಳೇ ಪುಸ್ತಕ ಇದ್ರ ಮಾರ್ಚ್ ಪರೀಕ್ಷಾ ಮುಗದ ಮ್ಯಾಲ ರದ್ದಿಗೆ ಹಾಕಬ್ಯಾಡ್ರಿ, ಫೋನ್ ಮಾಡಿದ್ರ ಅವರೇ ನಿಮ್ಮ ಮನಿಗೆ ಬಂದು ಒಯ್ತಾರ. ಮತ್ತ ಈಗ ಅವ್ರಿಗೆ ರೊಕ್ಕಕ್ಕಿಂತ ಮಂದಿ ಕಡಿಮಿ ಬಿದ್ದಾರ, ವಿಶೇಷ ಅಂದ್ರ ದವಾಖಾನ್ಯಾಗ ಮಧ್ಯಾಹ್ನದ ಊಟಾ ಹಂಚಾಕ. ವಾರಕ್ಕ ಒಂದು ದಿನ ಎರಡು ತಾಸು ಬಿಡುವಿದ್ದವ್ರು ಹೋಗಿ ಹೆಸರು ಬರಸ್ರಿ, ನಾ ಗುರುವಾರ ಬರಸೀನಿ.