ಎಸಿಇ ಟ್ರೇನರ್ ಸರ್ಟಿಫಿಕೇಟ್ ರಿನ್ಯೂವಲ್: ಬೆಳಗಾವಿಯಿಂದ ಒಂದು ವಿಮರ್ಶೆ

5ಕ್ಕೆ 4 ಅಂಕ. ಒಂದು ಅಂಕ ಕಡಿಮೆ ಕೊಟ್ಟಿದ್ದು ಖರ್ಚಿನ ಕಾರಣಕ್ಕೆ.

ನಾನು ಟಿಳಕವಾಡಿಯ ಜಿಮ್ ಒಂದರಲ್ಲಿ ಟ್ರೇನರ್. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್, ಅಂದರೆ ಎಸಿಇ, ಕೊಡುವ ಪರ್ಸನಲ್ ಟ್ರೇನರ್ ಸರ್ಟಿಫಿಕೇಟನ್ನು ಹಲವು ವರ್ಷಗಳಿಂದ ಬಿಡದೆ ರಿನ್ಯೂ ಮಾಡಿಸುತ್ತ ಬಂದಿದ್ದೇನೆ. ನಮ್ಮಲ್ಲಿ ಟ್ರೇನರ್ ಆಗಲು ಸರಕಾರದ ಲೈಸನ್ಸ್ ಬೇಕಿಲ್ಲ. ಹಾಗಾಗಿ ಗೆಳೆಯರು ಕೇಳುತ್ತಲೇ ಇರುತ್ತಾರೆ: ಒಂದು ಸಲ ಪಾಸಾದ ಮೇಲೆ ಮತ್ತೆ ಯಾಕೆ ರೊಕ್ಕ ಹಾಕ್ತೀ?

ನಿಯಮ ಸರಳ. ಎರಡು ವರ್ಷಕ್ಕೊಮ್ಮೆ 20 ಗಂಟೆಯ ಹೊಸ ಕಲಿಕೆ ತೋರಿಸಬೇಕು. ಅದನ್ನು 2.0 ಸಿಇಸಿ (ಮುಂದುವರಿದ ಕಲಿಕೆಯ ಅಂಕ) ಎಂದು ಬರೆಯುತ್ತಾರೆ; ಒಂದು ಗಂಟೆಗೆ 0.1. ಜೊತೆಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಮತ್ತು ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತರಬೇತಿಯ ಕಾರ್ಡ್ ಚಾಲ್ತಿಯಲ್ಲಿರಬೇಕು. ಇಂಥದೇ ಸರ್ಟಿಫಿಕೇಟ್ ಕೊಡುವ ಇನ್ನೊಂದು ಅಮೆರಿಕನ್ ಸಂಸ್ಥೆ ಎನ್‌ಎಎಸ್‌ಎಂ ಕೂಡ ಎರಡು ವರ್ಷಕ್ಕೆ 2.0 ಕೇಳುತ್ತದೆ. ಮತ್ತೊಂದು ಸಂಸ್ಥೆ ಎಸಿಎಸ್‌ಎಂನದು ಮೂರು ವರ್ಷಕ್ಕೆ 45 ಅಂಕ.

20 ಗಂಟೆ ತುಂಬಿಸುವುದು ಕಷ್ಟವಲ್ಲ. ಅಗ್ಗದ ಕೋರ್ಸ್‌ಗಳು ಬೇಕಾದಷ್ಟಿವೆ. ಅಂಥ ಒಂದನ್ನು ನಾನೂ ನೋಡಿದ್ದೇನೆ. ವಿಡಿಯೊ ಓಡಿಸಿ, ಕೊನೆಗೆ ನಾಲ್ಕು ಪ್ರಶ್ನೆಗೆ ಟಿಕ್ ಹಾಕಿದರೆ ಸರ್ಟಿಫಿಕೇಟ್ ಬರುತ್ತದೆ. ಮರುದಿನ ಜಿಮ್‌ಗೆ ಬರುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಿಮ್ಮ ಬ್ಯಾಚ್‌ನಲ್ಲಿ ಯಾರಿದ್ದಾರೆ ಎಂದು ನೋಡಿ ಕೋರ್ಸ್ ಆರಿಸಿ. ಕುಸ್ತಿ ನೋಡುತ್ತ ಬೆಳೆದ ಊರು ನಮ್ಮದು. ಹುಡುಗರಿಗೆ ದಂಡ, ಬೈಠಕ್ ಹೇಳಿಕೊಡಬೇಕಿಲ್ಲ. ಆದರೆ ನನ್ನ ಬೆಳಗಿನ ಬ್ಯಾಚ್ ತುಂಬ ಬಿಪಿ, ಶುಗರ್ ಇರುವವರೇ.

ಬಿಪಿ ಮತ್ತು ಹೃದ್ರೋಗ ಇರುವವರ ವ್ಯಾಯಾಮದ ಕೋರ್ಸ್ ಮಾಡಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಒಬ್ಬ ಹಿರಿಯರು ಟ್ರೆಡ್‌ಮಿಲ್ ಮೇಲಿಂದ, "ಸರ್, ಎಷ್ಟು ಜೋರಾಗಿ ನಡೆದ್ರೂ ವಾಚ್‌ನಾಗ ಹಾರ್ಟ್ ರೇಟ್ ಏರವಲ್ದು, ಸ್ಪೀಡ್ ಹೆಚ್ಚ ಮಾಡ್ಲಿ?" ಎಂದರು. "ಬ್ಯಾಡ ಕಾಕಾ, ಮೊದಲ ಯಾವ ಗುಳಿಗಿ ತಗೋತೀರಿ ಹೇಳ್ರಿ" ಎಂದೆ. ಮೆಟೊಪ್ರೊಲಾಲ್ ಅಂದರು. ಅದು ಬೀಟಾ ಬ್ಲಾಕರ್. ಹೃದಯದ ಬಡಿತ ಏರದಂತೆ ತಡೆಯುವುದೇ ಅದರ ಕೆಲಸ. 220ರಿಂದ ವಯಸ್ಸು ಕಳೆದು ಬಡಿತದ ಗುರಿ ಹಾಕುವ ಲೆಕ್ಕ ಇಂಥವರಿಗೆ ಹೊಂದುವುದಿಲ್ಲ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ವೇಗ ಸಾಕು. ಬಿಪಿ ಇರುವವರು ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು ಎಂಬುದನ್ನೂ ಈಗ ಎಲ್ಲರಿಗೂ ಹೇಳುತ್ತೇನೆ. ಈ ಒಂದು ಕೋರ್ಸ್‌ಗೇ ರಿನ್ಯೂವಲ್ ಖರ್ಚು ವಸೂಲಾಯಿತು ಅಂತ ನನ್ನ ಭಾವನೆ.

ಸಿಪಿಆರ್ ವಿಷಯದಲ್ಲಿ ಎಚ್ಚರ. ಬರೀ ಆನ್‌ಲೈನ್ ಕಾರ್ಡ್ ನಡೆಯುವುದಿಲ್ಲ, ಕೈಯಾರೆ ಮಾಡಿ ತೋರಿಸಬೇಕು. ಇದು ಸರಿಯಾದ ನಿಯಮ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಪ್ರತಿ ಸಲ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದು ವಿಡಿಯೊ ನೋಡಿದರೆ ಬರುವುದಿಲ್ಲ. ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿದರೆ ತೋಳು ಸೋಲುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಿಮ್‌ಗೆ ಬರಲು ಎಷ್ಟೋ ಜನ ಹೆದರಿದ್ದರು. ಆಗ ಹಾಗೆ ಹೆದರಿದವರ ಮನೆಯವರು ನನ್ನನ್ನು ಕೇಳಿದ್ದು ಒಂದೇ: ಏನಾದರೂ ಆದರೆ ನಿಮಗೆ ಏನು ಮಾಡಬೇಕು ಗೊತ್ತಾ? ಗೊತ್ತು ಎಂದು ಧೈರ್ಯವಾಗಿ ಹೇಳಿದೆ. ಆದರೆ ಎಇಡಿ ಯಂತ್ರ ನಾನು ನೋಡಿದ ಜಿಮ್‌ಗಳಲ್ಲಿ ಇಲ್ಲ. ಕಲಿತು ಬಂದವರ ಕೈಗೆ ಯಂತ್ರವೇ ಇಲ್ಲದಿದ್ದರೆ ಹೇಗೆ? ಮಾಲೀಕರು ಇದನ್ನು ಯೋಚಿಸಲೇಬೇಕು.

ಇಲ್ಲಿ ಸಿಪಿಆರ್ ಕ್ಲಾಸ್ ಬೇಕೆಂದಾಗ ಸಿಗುವುದಿಲ್ಲ. ಗಡುವಿಗೆ ಮೂರ್ನಾಲ್ಕು ತಿಂಗಳು ಮೊದಲೇ ಮೆಡಿಕಲ್ ಮತ್ತು ನರ್ಸಿಂಗ್ ಕಾಲೇಜುಗಳ ಕಡೆ ವಿಚಾರಿಸಿ.

ಇನ್ನು ದುಡ್ಡು. ರಿನ್ಯೂವಲ್ ಶುಲ್ಕ ಡಾಲರ್‌ನಲ್ಲಿ, ಕೋರ್ಸ್ ಬೇರೆ, ಸಿಪಿಆರ್ ಬೇರೆ. ಬೆಳಗಾವಿಯ ಸಂಬಳಕ್ಕೆ ಇದು ದೊಡ್ಡ ಹೊರೆ. 20 ಗಂಟೆಯನ್ನು ಎರಡೂ ವರ್ಷಕ್ಕೆ ಹಂಚಿಕೊಂಡರೆ ಸ್ವಲ್ಪ ಹಗುರ. ಪಾಠಗಳು ಕನ್ನಡದಲ್ಲಿ ಸಿಗುವಂತಾದರೆ ಬಾಗಲಕೋಟೆ, ವಿಜಯಪುರದ ಎಷ್ಟೋ ಒಳ್ಳೆಯ ಟ್ರೇನರ್‌ಗಳು ಇದಕ್ಕೆ ಬರುತ್ತಾರೆ. ಅವರಿಗೆ ಕೆಲಸ ಗೊತ್ತಿದೆ, ತೊಡಕಾಗಿರುವುದು ಇಂಗ್ಲಿಷ್ ಮಾತ್ರ.

ಮುಂದಿನ ಸಲಕ್ಕೆ ನಾನು ಬಾಣಂತನ ಮುಗಿಸಿ ಬರುವವರ ವ್ಯಾಯಾಮದ ಕೋರ್ಸ್ ಆರಿಸಿದ್ದೇನೆ. ಮಧ್ಯಾಹ್ನದ ಬ್ಯಾಚ್‌ನ ಅಕ್ಕಂದಿರು ಬಹಳ ದಿನದಿಂದ ಕೇಳುತ್ತಿದ್ದಾರೆ.