ಸ್ಕ್ಯಾನರಿನ ದೀಪವೇ ಹತ್ತದಿದ್ದರೆ ಇಸಿಎಂ ಬದಲಿಸಲು ಒಪ್ಪಬೇಡಿ

ಪುಣೆ, ಪಿಂಪ್ರಿ-ಚಿಂಚವಾಡ ಭಾಗದಲ್ಲಿ ಕಾರು ಇಟ್ಟುಕೊಂಡಿರುವ ಕನ್ನಡಿಗರೆಲ್ಲರೂ ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ತಿಂಗಳು ಸುಟ್ಟುಹೋದ ಒಂದು ಫ್ಯೂಸಿನ ದೆಸೆಯಿಂದ ನಾನು 42,000 ರೂಪಾಯಿಯ ಹೊಸ ಇಸಿಎಂ (ಎಂಜಿನನ್ನು ನಡೆಸುವ ಕಂಪ್ಯೂಟರ್) ಹಾಕಿಸಲು ಒಪ್ಪಿ ಮುಂಗಡವನ್ನೂ ಕೊಟ್ಟಿದ್ದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಅದೇ ಗ್ಯಾರೇಜಿನವರ ಅವಸರದ ಕೈಕೆಲಸದಿಂದ ಡ್ಯಾಶ್‌ಬೋರ್ಡಿನ ಒಳಗೆ ವೈರು ಕರಗಿತ್ತು. ಅದು ಗೊತ್ತಿಲ್ಲದೆ ಮಕ್ಕಳನ್ನು ಕೂರಿಸಿಕೊಂಡು ಎರಡು ದಿನ ಅದೇ ಕಾರಿನಲ್ಲಿ ಓಡಾಡಿದ್ದೇವೆ.

ಹಬ್ಬಕ್ಕೆ ಹುಬ್ಬಳ್ಳಿಗೆ ಹೊರಡುವ ವಾರದಲ್ಲಿ ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು. ಗಾಡಿ ಎಂದಿನಂತೆ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು, ಎಳೆತವೂ ಚೆನ್ನಾಗಿತ್ತು. ಆದರೂ ಖಂಬಾಟಕಿ ಘಾಟಿನಲ್ಲಿ ಸಂಸಾರದೊಂದಿಗೆ ನಿಂತುಬಿಡುವುದು ಬೇಡವೆಂದು ಮನೆ ಹತ್ತಿರದ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಸ್ಟೇರಿಂಗಿನ ಕೆಳಗಿರುವ ಓಬಿಡಿ ಪೋರ್ಟಿಗೆ, ಅಂದರೆ ಕಾರಿನ ದೋಷ ತಿಳಿಯಲು ಇರುವ 16 ಪಿನ್ನಿನ ಸಾಕೆಟ್ಟಿಗೆ, ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚಿದ. ಪರದೆ ಬೆಳಗಲಿಲ್ಲ. ತೆಗೆದು ಮತ್ತೆ ಚುಚ್ಚಿದ, ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಕಾರಿಗೆ ಹಾಕಿ ನೋಡಿದ, ಅಲ್ಲಿ ಬೆಳಗಿತು. ನನ್ನನ್ನು ಹೊರಗೆ ಕೂರಿಸಿ ಅರ್ಧ ಗಂಟೆ ಏನೇನೋ ಬಿಚ್ಚಿ ನೋಡಿದ ಮೇಲೆ ಮಾಲೀಕರು ಬಂದು, ಇಸಿಎಂ ಹೋಗಿದೆ, ಅದಕ್ಕೇ ಸ್ಕ್ಯಾನರಿಗೆ ಉತ್ತರ ಕೊಡುತ್ತಿಲ್ಲ, ಮಾಲು ಬರಲು ನಾಲ್ಕು ದಿನ ಬೇಕು ಎಂದರು. ಊರಿಗೆ ಹೋಗುವ ಅವಸರದಲ್ಲಿ ಏನೊಂದೂ ಕೇಳದೆ 5,000 ರೂಪಾಯಿ ಮುಂಗಡ ಕೊಟ್ಟು ಬಂದೆ.

ಆಗಲೇ ನನಗೆ ಹೊಳೆಯಬೇಕಿದ್ದ ಸಂಗತಿ ಒಂದಿತ್ತು. ಅದಕ್ಕೆ ಎರಡು ವಾರ ಮೊದಲು ಕಾರಿನಲ್ಲಿ ಮೊಬೈಲ್ ಚಾರ್ಜರ್ ಕೆಲಸ ಮಾಡುವುದನ್ನು ನಿಲ್ಲಿಸಿತ್ತು. ಚಾರ್ಜರೇ ಕೆಟ್ಟಿದೆಯೆಂದು ಹೊಸದನ್ನು ತಂದಿದ್ದೆ, ಅದೂ ನಡೆದಿರಲಿಲ್ಲ. ಇದನ್ನು ನಾನು ಗ್ಯಾರೇಜಿನಲ್ಲಿ ಹೇಳಲೇ ಇಲ್ಲ, ಅವರೂ ಕೇಳಲಿಲ್ಲ. ಹಲವು ಕಾರುಗಳಲ್ಲಿ ಸಿಗರೇಟ್ ಲೈಟರಿನ ಸಾಕೆಟ್ಟಿಗೂ ಓಬಿಡಿ ಪೋರ್ಟಿಗೂ ಒಂದೇ ಫ್ಯೂಸಿನಿಂದ ಕರೆಂಟು ಹೋಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಗಾಡಿ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಅದು ತಿಳಿದಿರಲೇಬೇಕಿತ್ತು.

ಸಹೋದ್ಯೋಗಿಯೊಬ್ಬರು ಒತ್ತಾಯಿಸಿ ನನ್ನನ್ನು ಭೋಸರಿಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ನಮ್ಮ ವಿಜಯಪುರ ಕಡೆಯ ಮಿಸ್ತ್ರಿಯೊಬ್ಬರ ಬಳಿಗೆ ಕಳಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅವರು ಬಾನೆಟ್ಟನ್ನೂ ತೆಗೆಯದೆ, "ಸರ, ಗಾಡಿ ಚಾಲೂ ಆಗಿ ಇಲ್ಲೀತನಕ ಬಂದೈತಿ ಹೌದಿಲ್ರಿ? ಇಸಿಎಂ ಹೋಗಿದ್ರ ಇದು ಹೆಂಗ ಬರ್ತಿತ್ತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪೆಟ್ರೋಲನ್ನು ಎಷ್ಟು ಚಿಮ್ಮಿಸಬೇಕು, ಕಿಡಿಯನ್ನು ಯಾವಾಗ ಹೊಡೆಯಬೇಕು ಎಂಬುದನ್ನು ನಿರ್ಧರಿಸುವುದೇ ಇಸಿಎಂ. ಅದು ಪೂರ್ತಿ ಸತ್ತಿದ್ದರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ಸ್ಕ್ಯಾನರ್ ಬೆಳಗುವುದು ಇಸಿಎಂ ಕೊಡುವ ಕರೆಂಟಿನಿಂದಲ್ಲ. ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿಯ ಪ್ಲಸ್ ಫ್ಯೂಸಿನ ಮೂಲಕ ಬರುತ್ತದೆ, 4ನೇ ಪಿನ್ನಿಗೆ ಬಾಡಿ ಅರ್ಥಿಂಗ್ ಇರುತ್ತದೆ, ಸ್ಕ್ಯಾನರಿಗೆ ಜೀವ ಬರುವುದು ಇವೆರಡರಿಂದ. ಆದ್ದರಿಂದ ಪರದೆಯೇ ಕಪ್ಪಾಗಿದ್ದರೆ ಇಸಿಎಂ ಮಾತಾಡುತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಇನ್ನೂ ಬಂದೇ ಇಲ್ಲವೆಂದು ಅರ್ಥ. ಪರದೆ ಬೆಳಗಿಯೂ ಸಂಪರ್ಕ ಸಿಗದಿದ್ದರೆ ಅದು ಬೇರೆಯದೇ ತೊಂದರೆ, ಆಗಲೂ ಇಸಿಎಂಗಿಂತ ಮೊದಲು ನೋಡಬೇಕಾದ ವೈರುಗಳಿರುತ್ತವೆ.

ಅವರು ನೋಡಿದ ಬಗೆಯನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಮನೆಯಲ್ಲಿ ನಾವೂ ಹೀಗೆ ನೋಡಬಹುದು. ಪೋರ್ಟಿನ ಅಗಲವಾದ ಬದಿಯನ್ನು ಮೇಲೆ ಇಟ್ಟುಕೊಂಡು ನೋಡಿದರೆ ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಕಡ್ಡಿಯನ್ನು 4ಕ್ಕೂ ಕೆಂಪು ಕಡ್ಡಿಯನ್ನು 16ಕ್ಕೂ ಹಿಡಿದರೆ ಕೀಲಿ ತಿರುಗಿಸದಿದ್ದರೂ 12 ವೋಲ್ಟಿನ ಆಸುಪಾಸು ತೋರಿಸಬೇಕು. ನನ್ನದರಲ್ಲಿ ಸೊನ್ನೆ. ಕಪ್ಪು ಕಡ್ಡಿಯನ್ನು ಬಾಗಿಲ ಬಳಿಯ ಬಣ್ಣವಿಲ್ಲದ ಬೋಲ್ಟಿಗೆ ಹಿಡಿದಾಗಲೂ ಸೊನ್ನೆಯೇ ಬಂತು. ಆಗ 12 ಬಂದಿದ್ದರೆ ಅರ್ಥಿಂಗ್ ಕಡಿದಿದೆ ಎಂದಾಗುತ್ತಿತ್ತು, ಬಾರದ್ದರಿಂದ ಪ್ಲಸ್ಸೇ ಇಲ್ಲವೆಂದು ಖಚಿತವಾಯಿತು. ದಪ್ಪ ಕಡ್ಡಿಯನ್ನು ಪಿನ್ನಿನೊಳಗೆ ತುರುಕಬಾರದು, ತುರುಕಿದರೆ ಅದರ ಬಾಯಿ ಅಗಲವಾಗಿ ಮುಂದೆ ಒಳ್ಳೆಯ ಸ್ಕ್ಯಾನರ್ ಹಾಕಿದರೂ ತಾಗುವುದಿಲ್ಲ. ಕಡ್ಡಿ ಜಾರಿ 16ಕ್ಕೂ 4ಕ್ಕೂ ಒಟ್ಟಿಗೆ ತಗುಲದಂತೆಯೂ ನೋಡಿಕೊಳ್ಳಬೇಕು.

ನಂತರ ಫ್ಯೂಸ್ ಬಾಕ್ಸ್ ತೆಗೆದರು. ಮುಚ್ಚಳದ ಒಳಗಿನ ನಕ್ಷೆಯಲ್ಲಿ ಆ ಜಾಗಕ್ಕೆ 15 ಆಂಪಿಯರ್ ಎಂದು ಮುದ್ರಿಸಿತ್ತು. 15ರ ಫ್ಯೂಸ್ ನೀಲಿ ಬಣ್ಣದ್ದು. ಅಲ್ಲಿ ಕೂತಿದ್ದುದು ಹಸಿರು, ಅಂದರೆ 30 ಆಂಪಿಯರಿನದು, ಮತ್ತು ಅದೂ ಸುಟ್ಟಿತ್ತು. ಕಾರು ಕೊಂಡಾಗಿನಿಂದ ಆ ಬಾಕ್ಸನ್ನು ತೆರೆದವರು ಆ ಗ್ಯಾರೇಜಿನವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅಂದರೆ ಫ್ಯೂಸ್ ಹೋಗಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಅದು ಏಕೆ ಹೋಯಿತೆಂದು ಹುಡುಕದೆ ದೊಡ್ಡದನ್ನು ಹಾಕಿದರು, ಅದೂ ಹೋದಾಗ ಇಸಿಎಂ ಎಂದುಬಿಟ್ಟರು.

ಮಿಸ್ತ್ರಿಯವರು ಟಾರ್ಚು ಹಿಡಿದು ಸಿಗರೇಟ್ ಸಾಕೆಟ್ಟಿನೊಳಗೆ ನೋಡಿದರು. ಬ್ಯಾಟರಿಯ ವೈರು ಕಳಚಿದ ಮೇಲೆ ಚಿಮಟದಿಂದ ಹೊರಗೆಳೆದದ್ದು ನನ್ನ ಮಗಳ ಕೂದಲ ಕ್ಲಿಪ್ಪು. ಸಾಕೆಟ್ಟಿನ ಮುಚ್ಚಳ ತೆರೆದೇ ಇದ್ದಾಗ ಒಳಗೆ ಬಿದ್ದು, ಚಾರ್ಜರ್ ಒತ್ತಿದಾಗ ತಳಕ್ಕೆ ಹೋಗಿ, ನಡುವಿನ ಪ್ಲಸ್ ಮೊಳೆಗೂ ಸುತ್ತಲಿನ ಅರ್ಥಿಂಗ್ ಗೋಡೆಗೂ ಅಡ್ಡವಾಗಿ ಕೂತಿತ್ತು. ಅದರ ಗುಲಾಬಿ ಬಣ್ಣ ಒಂದು ತುದಿಯಲ್ಲಿ ಸುಟ್ಟು ಕಪ್ಪಾಗಿ, ತಗಡಿನಲ್ಲಿ ಸಾಸಿವೆಯಷ್ಟು ಗುಳಿ ಬಿದ್ದಿತ್ತು. ಸಾಕೆಟ್ಟನ್ನು ಬಿಚ್ಚಿ ಹೊರಗೆ ತೆಗೆದಾಗ ಹಿಂದಿನ ವೈರಿನ ಹೊದಿಕೆ ಸುಮಾರು ಒಂದು ಗೇಣು ಮೆತ್ತಗಾಗಿ, ಪಕ್ಕದ ವೈರಿಗೆ ಅಂಟಿಕೊಂಡಿತ್ತು. ಫ್ಯೂಸ್ ಇರುವುದು ವೈರನ್ನು ಕಾಪಾಡಲು. 15 ಆಂಪಿಯರಿಗೆ ತಕ್ಕ ವೈರಿಗೆ 30ರ ಫ್ಯೂಸ್ ಹಾಕಿದರೆ ಶಾರ್ಟ್ ಆದಾಗ ಫ್ಯೂಸ್ ಹೋಗುವುದಕ್ಕೆ ಮೊದಲೇ ವೈರು ಕಾಯತೊಡಗುತ್ತದೆ. ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಈಗಲೂ ಭಯವಾಗುತ್ತದೆ.

ಕರಗಿದ ವೈರನ್ನು ಕತ್ತರಿಸಿ ಹೊಸದನ್ನು ಹಾಕಿ, ನೀಲಿ ಫ್ಯೂಸ್ ಕೂರಿಸಿದ ಮೇಲೆ ಅವರು ಮೀಟರನ್ನಷ್ಟೇ ನಂಬದೆ 16ನೇ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರು. ಒಂದೆರಡು ಎಳೆಗಳಷ್ಟೇ ಉಳಿದ ವೈರು ಕೂಡ ಮೀಟರಿನಲ್ಲಿ ಪೂರ್ತಿ 12 ವೋಲ್ಟ್ ತೋರಿಸಬಲ್ಲದು, ಬಲ್ಬನ್ನು ಹತ್ತಿಸುವಾಗಲೇ ಅದರ ಬಲ ಗೊತ್ತಾಗುವುದಂತೆ. ಬಲ್ಬು ಚೆನ್ನಾಗಿ ಹತ್ತಿತು, ಸ್ಕ್ಯಾನರಿನ ಪರದೆಯೂ ಬೆಳಗಿತು, ಇಸಿಎಂ ತಕ್ಷಣ ಉತ್ತರ ಕೊಟ್ಟಿತು. ಚೆಕ್ ಎಂಜಿನ್ ದೀಪಕ್ಕೆ ಕಾರಣವಾಗಿ ಬಂದ ಕೋಡ್ ಪಿ0135, ಅಂದರೆ ಎಂಜಿನ್ನಿನ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರಿನಲ್ಲೋ ಅದಕ್ಕೆ ಹೋಗುವ ವೈರಿಂಗಿನಲ್ಲೋ ತೊಂದರೆ. ಮಳೆಗಾಲದ ನೀರು ಕೂತು ಅದರ ವೈರು ಜೋಡಿಸುವ ಕಪ್ಲರಿನ ಪಿನ್ನುಗಳು ಹಸಿರುಗಟ್ಟಿದ್ದವು. ಅದನ್ನು ಉಜ್ಜಿ ಕೂರಿಸಿದ್ದೂ ಸೇರಿ ಒಟ್ಟು ಮಜೂರಿ 900 ರೂಪಾಯಿ.

ಭಾರತದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಪೆಟ್ರೋಲ್ ಕಾರು ನಿಮ್ಮಲ್ಲಿದ್ದರೆ ಅದರಲ್ಲೂ ಈ ಪೋರ್ಟ್ ಇರುತ್ತದೆ. ಯಾರಾದರೂ ಇಸಿಎಂ ಹೋಗಿದೆ ಎಂದರೆ ಸ್ಕ್ಯಾನರ್ ಬೆಳಗಿತೇ ಎಂದು ಮೊದಲು ಕೇಳಿ, 16ನೇ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇದೆಯೆಂದು ಎದುರಿಗೇ ಅಳೆಸಿ, ಗಾಡಿ ಬಿಡುವ ಮೊದಲು ಫ್ಯೂಸ್ ಬಾಕ್ಸಿನ ಫೋಟೊ ತೆಗೆದಿಟ್ಟುಕೊಳ್ಳಿ. ನನ್ನಲ್ಲಿ ಆ ಫೋಟೊ ಇರಲಿಲ್ಲ. ಹಸಿರು ಫ್ಯೂಸನ್ನು ಹಿಡಿದುಕೊಂಡು ಹೋಗಿ ಕೇಳಿದಾಗ ಅದು ನಮ್ಮದಲ್ಲ ಎಂದರು, ರಸೀದಿ ಇಲ್ಲದ್ದರಿಂದ 5,000 ರೂಪಾಯಿ ಮುಂಗಡವೂ ವಾಪಸು ಬರಲಿಲ್ಲ.